ಮೊರದಲ್ಲಿ ಇಲಿ ಹೊತ್ತವಳು

ಆಕೆಗೆ ಹುಬ್ಬಿರಲಿಲ್ಲ. ಭಟ್ಟಿಯ ಝಳಕ್ಕೆ ಎರಡೂ ಹುಬ್ಬು ಸುಟ್ಟು, ಚಿಗುರಿ, ಮತ್ತೆ ಸುಟ್ಟು, ಕೊನೆಗೆ ಬೇಸತ್ತು ಬೆಳೆಯುವುದನ್ನೇ ಬಿಟ್ಟಿದ್ದವು. ಮುಂಗೈಯಿಂದ ಮೊಣಕೈವರೆಗೆ ಒಂದು ಕೂದಲೂ ಇಲ್ಲದೆ ಚರ್ಮ ಹದ ಮಾಡಿದ ತೊಗಲಿನಂತೆ ಮಿನುಗುತ್ತಿತ್ತು. ಸೆರಗು ಕೊಡವಿದರೆ ಮರಳು ಉದುರುತ್ತಿತ್ತು. ಹುಬ್ಬಿಲ್ಲದ ಮುಖ ಸದಾ ಆಶ್ಚರ್ಯಪಟ್ಟಂತೆ ಕಾಣುತ್ತದೆ. ಹೊಸಬರು ಅದನ್ನು ನೋಡಿ ಪೆದ್ದಿ ಎಂದುಕೊಂಡು ಅಕ್ಕಿಯಲ್ಲಿ ನುಚ್ಚು ಬೆರೆಸಿ ತಂದು, ಬೀದಿಗೆಲ್ಲ ಕೇಳುವಂತೆ ಬೈಸಿಕೊಂಡು ಹೋಗುತ್ತಿದ್ದರು.

ಪೇಟೆಗೆಲ್ಲ ಆಕೆ ಬುರುಗಿನಮ್ಮ. ಬೆಂಗಳೂರಿನವರು ಕಡಲೆಪುರಿ ಎನ್ನುವುದನ್ನು ನಮ್ಮ ಕಡೆ ಬುರುಗು ಎನ್ನುತ್ತೇವೆ. ತೆಲುಗು ಪಕ್ಕದಲ್ಲೇ ಇದೆಯಲ್ಲ. ಮುಳಬಾಗಿಲಿಗೂ ಶ್ರೀನಿವಾಸಪುರಕ್ಕೂ ನಡುವಿನ ಆ ಸಣ್ಣ ಪೇಟೆಗೆ ನಾನು ತಾಯಲೂರಿನಿಂದ ಸೊಸೆಯಾಗಿ ಬಂದಾಗ ನಮ್ಮ ಬೀದಿಯ ಹೆಸರೇ ಭಟ್ಟಿ ಬೀದಿ. ನಮ್ಮದು ಅರಿಸಿನ ಕುಂಕುಮದ ಅಂಗಡಿ, ಮುಂದೆ ಅಂಗಡಿ, ಹಿಂದೆ ಮನೆ. ಎದುರಿಗೆ ಆಕೆಯ ಭಟ್ಟಿ. ಎರಡು ಎತ್ತಿನ ಗಾಡಿ ಎದುರುಬದುರಾದರೆ ಒಂದು ಹಿಂದಕ್ಕೆ ಸರಿಯಬೇಕಾದಷ್ಟು ಇಕ್ಕಟ್ಟು ಬೀದಿ. ಆ ಇಕ್ಕಟ್ಟಿನಲ್ಲೇ ಎಲೆ ಅಡಿಕೆ, ಹೂವು, ಬಳೆ, ಗಾಣದೆಣ್ಣೆ, ಮಡಕೆ ಎಲ್ಲವೂ ಸಿಗುತ್ತಿತ್ತು. ಸಂತೆಯ ದಿನ ಹಳ್ಳಿಯವರು ಅಲ್ಲೇ ಸೊಪ್ಪು, ತರಕಾರಿ ಹರವಿಕೊಂಡು ಕೂರುತ್ತಿದ್ದರು. ಸಂಜೆ ಊರಿಗೆ ಹೊರಡುವಾಗ ಒಂದು ಸೇರು ಬುರುಗು ಸೆರಗಿಗೆ ಕಟ್ಟಿಕೊಳ್ಳದೆ ಹೋದವರನ್ನು ನಾನು ನೋಡಿಲ್ಲ.

ಬುರುಗಿನಮ್ಮ ಗಂಡ ಸತ್ತ ಮೇಲೆ ತಾನೇ ಭಟ್ಟಿ ಹಿಡಿದವಳು. ಮಕ್ಕಳಿರಲಿಲ್ಲ. ದೊಡ್ಡ ಬಾಣಲೆಯಲ್ಲಿ ಮರಳು ಕಾಯಿಸಿ, ಉಪ್ಪುನೀರು ಕುಡಿಸಿದ ಅಕ್ಕಿಯನ್ನು ಅದಕ್ಕೆ ಸುರಿದು, ಕಡ್ಡಿಗಳ ಕಟ್ಟಿನಿಂದ ಗರಗರ ತಿರುಗಿಸುತ್ತಿದ್ದಳು. ಅಕ್ಕಿ ಚಟಪಟ ಅರಳಿದ್ದೇ ಜರಡಿಗೆ ಎತ್ತಿ ಮರಳು ಉದುರಿಸುತ್ತಿದ್ದಳು. ಆಕೆಯ ಬಾಯಿಯೂ ಆ ಬಾಣಲೆಯ ಹಾಗೇ. ಯಾರಾದರೂ ಬೇಗ ಬೇಗ ಎಂದರೆ, "ಹಸಿ ಅಕ್ಕಿಗೆ ಅವಸರ ಮಾಡಿದ್ರೆ ಕರಕಾಗುತ್ತೆ, ಅರಳಲ್ಲ. ನಿನ್ನ ಮದುವೆನೂ ಹಿಂಗೇ ಅವಸರದಲ್ಲಿ ಆಗಿದ್ದಾ?" ಎಂದು ಕೇಳಿಬಿಡುತ್ತಿದ್ದಳು. ನನ್ನನ್ನು ಹೆಸರು ಹಿಡಿದು ಕರೆದವಳಲ್ಲ. ಕುಂಕುಮದಂಗಡಿ ಸೊಸೆ, ಅಷ್ಟೇ.

ಆಕೆಯ ಬಳಿ ಒಂದು ಕಟ್ಟುನಿಟ್ಟಿತ್ತು. ಹೆಣದ ಮುಂದೆ ಚೆಲ್ಲುವ ಬುರುಗಿಗೆ ಆಕೆ ಏನನ್ನೂ ತೆಗೆದುಕೊಳ್ಳುತ್ತಿರಲಿಲ್ಲ. ಯಾರ ಮನೆಯಲ್ಲಿ ಸಾವಾದರೂ ಮೊದಲು ಓಡಿಬರುವುದು ಬುರುಗಿಗೆ, ಆಮೇಲೆ ಬಿದಿರಿಗೆ. ಬಂದವರ ಮುಖ ನೋಡಿ, ಕೇಳದೆಯೇ ಕುಕ್ಕೆ ತುಂಬಿಸಿ ಕೊಡುತ್ತಿದ್ದಳು. ಹೀಗಾಗಿ ಪೇಟೆಯಲ್ಲಿ ಯಾರು ಸತ್ತರು, ಯಾವಾಗ ಸತ್ತರು ಎನ್ನುವುದು ಎಲ್ಲರಿಗಿಂತ ಮೊದಲು ಆಕೆಗೆ ತಿಳಿಯುತ್ತಿತ್ತು. ಇದನ್ನು ಇಷ್ಟು ಬಿಡಿಸಿ ಹೇಳಲು ಕಾರಣವಿದೆ.

ಇನ್ನೊಂದು ಮಾತನ್ನೂ ಹೇಳಬೇಕು. ನಮ್ಮ ಬೀದಿಯವರಿಗೆ ಬಾಯಿಗೆ ಅಂಟಿಕೊಂಡ ಒಂದು ತೆಲುಗು ಮಾತಿತ್ತು, ಪೋನೀಲೇ. ಹೋಗಲಿ ಬಿಡು ಎಂದರ್ಥ. ಎಣ್ಣೆ ಚೆಲ್ಲಿದರೆ ಪೋನೀಲೇ, ಅಮಲ್ದಾರರು ಗದರಿದರೆ ಪೋನೀಲೇ, ಕುಡಿದ ಗಂಡ ಹೆಂಡತಿಯ ಹಲ್ಲು ಮುರಿದರೂ ಪೋನೀಲೇ. ನನ್ನ ಮಾವನವರಂತೂ ಕೊಡೆ ಬಿಚ್ಚಿದ ಹಾಗೆ ಆ ಮಾತನ್ನು ಬಿಚ್ಚಿ ಅದರ ಕೆಳಗೆ ನಿಂತುಬಿಡುತ್ತಿದ್ದರು. ಒಳ್ಳೆಯವರು ಎಂದು ಪೇಟೆಯಲ್ಲಿ ಹೆಸರು. ಒಳ್ಳೆಯವರೆಂದರೆ ನನಗೆ ಇಂದಿಗೂ ಮೈ ಉರಿಯುತ್ತದೆ. ಬುರುಗಿನಮ್ಮನ ಬಾಯಲ್ಲಿ ಆ ಮಾತನ್ನು ನಾನು ಒಮ್ಮೆಯೂ ಕೇಳಲಿಲ್ಲ.

ಎರಡನೆಯ ಮಹಾಯುದ್ಧ ಶುರುವಾಗುವುದಕ್ಕೆ ಸ್ವಲ್ಪ ಮುಂಚಿನ ಮಾತು. ನನಗೆ ಎರಡನೆಯ ಹೆರಿಗೆ. ತವರಿನಲ್ಲಿ ತಾಯಿ ತೀರಿಕೊಂಡಿದ್ದರಿಂದ ಬಾಣಂತನ ಗಂಡನ ಮನೆಯಲ್ಲೇ ಆಯಿತು. ಅತ್ತೆಗೆ ಸೊಂಟ ಹಿಡಿದಿತ್ತು. ಬುರುಗಿನಮ್ಮ ದಿನವೂ ಭಟ್ಟಿಯ ಬಿಸಿ ಮರಳನ್ನು ಬಟ್ಟೆಯಲ್ಲಿ ಗಂಟು ಕಟ್ಟಿ ತಂದು ನನ್ನ ಬೆನ್ನಿಗೆ, ಸೊಂಟಕ್ಕೆ ಶಾಖ ಕೊಡುತ್ತಿದ್ದಳು. ಮರಳು ಆರಿದ ಮೇಲೆ ಅದೇ ಗಂಟನ್ನು ತನ್ನ ಕೆನ್ನೆಗೆ ಒತ್ತಿ ನೋಡಿ ಮಗುವಿನ ಹೊಟ್ಟೆಗೆ ಇಡುತ್ತಿದ್ದಳು. ಸುಟ್ಟು ಸುಟ್ಟು ಜಡ್ಡುಗಟ್ಟಿದ ತನ್ನ ಅಂಗೈಗೆ ಬಿಸಿ ತಿಳಿಯುವುದಿಲ್ಲ, ಅದಕ್ಕೆ ಕೆನ್ನೆ ಎನ್ನುತ್ತಿದ್ದಳು.

ಸಂಕ್ರಾಂತಿ ಕಳೆದು ಹೊಸ ರಾಗಿ ಮಂಡಿಗೆ ಬರುತ್ತಿದ್ದ ಕಾಲ. ಬೀದಿಯ ತುದಿಯಲ್ಲಿ ಸಾಹುಕಾರರ ಮಂಡಿ. ಮಾಸ್ತಿ ಕಡೆಯಿಂದ, ತಾಯಲೂರು ಕಡೆಯಿಂದ ಗಾಡಿಗಳು ಸಾಲುಗಟ್ಟಿ ನಿಂತಿದ್ದವು. ಆಗಲೇ ಮಂಡಿಯ ಹಮಾಲಿಯೊಬ್ಬ ಜ್ವರ ಬಂದು ಸತ್ತ. ಎರಡು ದಿನಕ್ಕೆ ಅವನ ತಮ್ಮ. ಬರೀ ಚಳಿಜ್ವರ ಎಂದು ಸಾಹುಕಾರರ ಗುಮಾಸ್ತ ಹೇಳಿದ, ಎಲ್ಲರೂ ಹೌದೆಂದರು. ಹೆಣದ ಬುರುಗು ಕೊಟ್ಟವಳು ಬುರುಗಿನಮ್ಮ. ಹಮಾಲಿಯ ಹೆಂಡತಿ ಕುಕ್ಕೆ ಹಿಡಿದು ನಿಂತು, ಗಂಡನ ಕಂಕುಳಲ್ಲಿ ನಿಂಬೆಹಣ್ಣಿನಷ್ಟು ಗೆಡ್ಡೆ ಎದ್ದಿತ್ತು ಎಂದು ಆಕೆಗೆ ಹೇಳಿದ್ದಳಂತೆ, ಯಾರಿಗೂ ಹೇಳಬೇಡ, ಇರುವ ಕೂಲಿಯೂ ತಪ್ಪುತ್ತದೆ ಎಂದು ಕೈ ಮುಗಿದಿದ್ದಳಂತೆ. ಮಂಡಿಯ ಹಿಂಬಾಗಿಲಿನಿಂದ ಬೆಳಗಿನ ಹೊತ್ತು ಹೊಟ್ಟಿನ ಕುಕ್ಕೆಗಳು ತಿಪ್ಪೆಗೆ ಹೋಗುತ್ತಿದ್ದವು. ಆ ಹೊಟ್ಟಿನ ಅಡಿಯಲ್ಲಿ ಏನಿದೆಯೆಂದು ಬೀದಿಗೆಲ್ಲ ಗೊತ್ತಿತ್ತು. ಯಾರೂ ಎತ್ತಿ ನೋಡಲಿಲ್ಲ.

ನಮ್ಮ ಕಡೆ ಆಗ ಇಲಿ ಸತ್ತಿತು ಎನ್ನುತ್ತಿರಲಿಲ್ಲ, ಇಲಿ ಬಿತ್ತು ಎನ್ನುತ್ತಿದ್ದರು. ಹೆಂಚಿನ ಸಂದಿಯಿಂದ ಇಲಿ ಅಮಲೇರಿದಂತೆ ತೂರಾಡಿ ನಡುಮನೆಗೆ ಬಿದ್ದದ್ದನ್ನು ಕಂಡವರ ಮಾತು ಅದು. ಇಲಿ ಬಿತ್ತು ಎಂದು ಒಬ್ಬರು ಬಾಯಿ ಬಿಟ್ಟರೆ ಸಾಕು, ಪ್ಲೇಗು ಬಂತೆಂದೇ ಲೆಕ್ಕ, ಊರು ಬಿಡಬೇಕು, ಹೆಂಚು ಇಳಿಸಬೇಕು, ಸಂತೆ ನಿಲ್ಲಬೇಕು, ಅಂಗಡಿಗೆ ಬೀಗ. ಆದ್ದರಿಂದ ನಮ್ಮ ಪೇಟೆಯಲ್ಲಿ ಇಲಿಗಳು ಬೀಳುತ್ತಿರಲಿಲ್ಲ. ಬಿದ್ದರೂ ತಿಪ್ಪೆಯಲ್ಲೇ ಬಿದ್ದಿರುತ್ತಿದ್ದವು.

ಒಂದು ದಿನ ಮಧ್ಯಾಹ್ನ ಬುರುಗಿನಮ್ಮನ ಭಟ್ಟಿಯ ಮುಂದೆ, ಅಕ್ಕಿಯ ಕುಕ್ಕೆಗೆ ಒಂದು ಮೊಳ ದೂರದಲ್ಲಿ ಒಂದು ಇಲಿ ಬಿತ್ತು. ಆಕೆ ಕಡ್ಡಿಯ ಕಟ್ಟು ಕೆಳಗಿಟ್ಟು ಹಾಗೇ ನಿಂತುಕೊಂಡಳು. ಬಾಣಂತಿ ಕೋಣೆಯ ಕಿಟಕಿ ಬೀದಿಗೇ ಇದ್ದುದರಿಂದ ನನಗೆ ಎಲ್ಲವೂ ಕಾಣುತ್ತಿತ್ತು, ಕೇಳುತ್ತಲೂ ಇತ್ತು. ಗಾಳಿಗಿಂತ ಬೇಗ ಸುದ್ದಿ ಹೋಯಿತು. ಗುಮಾಸ್ತ ಬಂದ, ಎಲೆ ಅಡಿಕೆಯವನು ಬಂದ, ನನ್ನ ಮಾವನವರೂ ಪಂಚೆ ಎತ್ತಿಕೊಂಡು ಬೀದಿ ದಾಟಿ ಹೋದರು. ಹೊಸ ರಾಗಿ ಬರುವ ಕಾಲ, ನಾಳೆ ಸಂತೆ, ಬೀದಿಯವರ ಹೊಟ್ಟೆಯ ಮೇಲೆ ಹೊಡೆಯಬೇಡ ಎಂದು ಮೊದಲು ನಯವಾಗಿಯೇ ಹೇಳಿದರು. ಆಮೇಲೆ ಗುಮಾಸ್ತ ಉಪಾಯ ಹೇಳಿಕೊಟ್ಟ.

"ಎದುರಿಗೇ ಬೆಂಕಿ ಐತಲ್ಲಮ್ಮ. ಭಟ್ಟೀಗೆ ಹಾಕ್ಬಿಡು, ಬೂದಿಯಾಗ್ಲಿ. ಯಾರಿಗೆ ಗೊತ್ತಾಗುತ್ತೆ?"

ಆಕೆ ಆ ಹುಬ್ಬಿಲ್ಲದ ಮುಖವನ್ನು ಅವನತ್ತ ತಿರುಗಿಸಿದಳು. "ಮಕ್ಕಳು ತಿನ್ನೋ ಬುರುಗು ಹುರಿಯೋ ಒಲೆ ಕಣಯ್ಯಾ ಇದು. ಇದ್ರಲ್ಲಿ ಇಲಿ ಸುಡ್ಲಾ? ನಿಮ್ಮ ಮಂಡೀಲಿ ಬಿದ್ದಿದ್ನೆಲ್ಲ ಹೊಟ್ಟಿನಾಗೆ ಮುಚ್ಚಿ ಕಳಿಸಿದ್ರಲ್ಲ, ಅದು ಸಾಲ್ದಾ? ಆ ಹಮಾಲಿಗೆ ಹೆಣದ ಬುರುಗು ಅಳೆದಿದ್ದು ನಾನು."

ಆಗ ನನ್ನ ಮಾವನವರು ತಮ್ಮ ಕೊಡೆ ಬಿಚ್ಚಿದರು. "ಪೋನೀಲೇ ಅಮ್ಮ. ಒಂದು ಇಲಿ ತಾನೆ."

"ಎದುರು ಮನೇಲಿ ಹಸಿ ಬಾಣಂತಿ ಅವ್ಳೆ ಸ್ವಾಮಿ," ಎಂದಳು ಆಕೆ. "ತೊಟ್ಟಿಲಲ್ಲಿರೋದು ನಿಮ್ಮ ಮೊಮ್ಮಗ. ನಂದಲ್ಲ."

ಮಾವನವರು ಅಂಗಡಿಗೆ ಹಿಂದಿರುಗಿ ಕುಂಕುಮದ ಡಬ್ಬಿಗಳನ್ನು ಒರೆಸತೊಡಗಿದರು. ನಾನು ಒಳಗೆ ಮಗುವನ್ನು ಎದೆಗೊತ್ತಿಕೊಂಡೆ. ಹೆದರಿಕೆಗಿಂತ ಹೆಚ್ಚಾಗಿ ಸಿಟ್ಟಿಗೆ. ತಮ್ಮ ರಕ್ತ ಹಂಚಿಕೊಂಡ ಕೂಸಿಗಿಂತ ನಾಳೆಯ ಸಂತೆ ಅವರಿಗೆ ದೊಡ್ಡದಾಗಿತ್ತು.

ಬುರುಗಿನಮ್ಮ ಭಟ್ಟಿಗೆ ನೀರು ಸುರಿದಳು. ಬೀದಿ ತುಂಬ ಹಬೆ ಎದ್ದಿತು. ಮೊರದಲ್ಲಿ ಬೇವಿನ ಸೊಪ್ಪು ಹಾಸಿ, ಬಾಲ ಹಿಡಿದು ಇಲಿಯನ್ನು ಅದರ ಮೇಲಿಟ್ಟು, ಆ ಮೊರವನ್ನು ಎರಡೂ ಕೈಯಲ್ಲಿ ಎದೆಯ ಮಟ್ಟಕ್ಕೆ ಹಿಡಿದು, ಬಾಗಿನ ಕೊಡಲು ಹೊರಟವಳ ಹಾಗೆ ನಡುಬೀದಿಯಲ್ಲಿ ಹೊರಟಳು. ತಾಲ್ಲೂಕು ಕಚೇರಿಯವರೆಗೂ ಕೂಗಿಕೊಂಡೇ ಹೋದಳಂತೆ. ನನಗೆ ಕೇಳಿದ್ದು ನಮ್ಮ ಬೀದಿಯಲ್ಲಿ ಕೂಗಿದ್ದು.

"ಇಲಿ ಬಿದ್ದೈತೆ, ಊರು ಬಿಡ್ರಪ್ಪಾ. ಮಕ್ಕಳಿರೋರು ಮೊದ್ಲು ಬಿಡ್ರಿ."

ಎರಡೂ ಕಡೆಯ ಬಾಗಿಲುಗಳು ಒಂದೊಂದಾಗಿ ಮುಚ್ಚಿಕೊಂಡವು.

ಊರು ಬಿಟ್ಟೆವು. ಕೆರೆಯಾಚೆಯ ಬಯಲಿನಲ್ಲಿ ಗುಡಿಸಲು ಎದ್ದವು. ಸೂಜಿ ಚುಚ್ಚುವವರು ಬಂದರು. ಪೇಟೆಯ ಮನೆಗಳಿಗೆಲ್ಲ ಹೆಂಚು ಇಳಿಸಿ, ಬಿಸಿಲು ಒಳಗೆ ಬೀಳಲೆಂದು ಬಿಟ್ಟರು. ಅಟ್ಟಗಳು, ಪೂಜೆಯ ಕೋಣೆಗಳು, ಬಾಣಂತಿ ಕೋಣೆಗಳು ಎಲ್ಲಕ್ಕೂ ಆಕಾಶವೇ ಸೂರು. ಬಿಡದೆ ಉಳಿದ ಕೆಲವು ಮನೆಗಳಲ್ಲಿ ಹೆಣ ಹೊರಲು ಜನ ಸಿಗಲಿಲ್ಲ. ನಮ್ಮ ಮನೆಯಲ್ಲಿ ಯಾರಿಗೂ ಏನೂ ಆಗಲಿಲ್ಲ. ನನ್ನ ಮಗ ಗುಡಿಸಲಿನ ತೊಟ್ಟಿಲಲ್ಲಿ ಕೈಕಾಲು ಆಡಿಸಿಕೊಂಡು ದಪ್ಪಗಾದ.

ಆದರೆ ಇಲಿ ಸಿಕ್ಕಿದ್ದೆಲ್ಲಿ ಎಂದು ಪ್ಲೇಗಿನ ಇನ್ಸ್‌ಪೆಕ್ಟರು ಕೇಳಿದಾಗ ಆಕೆ ಸುಳ್ಳು ಹೇಳಲಿಲ್ಲ, ಭಟ್ಟಿಯ ಮುಂದೆ ಎಂದಳು. ಮಂಡಿಯನ್ನೂ ನೋಡಿ ಎಂದಳು. ಅವರು ಹೋಗಿ ನೋಡಿದರು. ಆ ಹೊತ್ತಿಗೆ ಮೂಟೆಗಳೆಲ್ಲ ಶ್ರೀನಿವಾಸಪುರದ ದಾರಿಯಲ್ಲಿದ್ದ ಸಾಹುಕಾರರ ಮಾವಿನ ತೋಪಿಗೆ ಹೋಗಿದ್ದವು. ಸಿಮೆಂಟು ನೆಲ ತೊಳೆದು ಥಳಥಳ ಎನ್ನುತ್ತಿತ್ತು. ಕಾಫಿ ಕುಡಿದು, ಕಟ್ಟಡವೆಂದರೆ ಹೀಗಿರಬೇಕು ಎಂದು ಮೆಚ್ಚಿಕೊಂಡು ಹೋದರಂತೆ. ರೋಗದ ಮೂಲ ಭಟ್ಟಿ ಬೀದಿ ಎಂದಾಯಿತು. ಮಣ್ಣಿನ ಗೋಡೆ, ಕಿಟಕಿಯಿಲ್ಲದ ಮನೆ, ನೆಲದ ಮೇಲೆ ಚೆಲ್ಲಿದ ಕಾಳು, ಹೊಗೆ. ಬೀದಿಯ ಒಂದು ಸಾಲನ್ನು ಕೆಡವಿ ಗಾಳಿ ಬೆಳಕು ಬರುವ ಹಾಗೆ ಅಗಲ ಮಾಡಬೇಕೆಂದು ಹುಕುಂ ಬಂತು. ಯಾವ ಸಾಲು? ಆಕೆಯದು. ಬೀದಿಯ ತುದಿಯಲ್ಲಿದ್ದ ಮಂಡಿಗೆ ಈಗ ಲಾರಿ ನೇರವಾಗಿ ಬರುತ್ತದಲ್ಲ. ಬೆಕ್ಕನ್ನು ಹೇಗೆ ಎಸೆದರೂ ಕಾಲೂರಿಯೇ ನಿಲ್ಲುತ್ತದೆ ಎನ್ನುತ್ತಾರೆ. ನಮ್ಮ ಸಾಹುಕಾರರು ಬೆಕ್ಕಿಗೂ ಕಲಿಸುವಂಥವರು.

ಭಟ್ಟಿ ಒಡೆದ ದಿನ ಆಕೆ ಅಲ್ಲೇ ನಿಂತಿದ್ದಳಂತೆ. ಹಾರೆ ಹಿಡಿದವರಿಗೆ, ಬಾಣಲೆ ಮೊದಲು ಎತ್ತಿಡ್ರೋ, ಅದು ನಿಮ್ಮಪ್ಪನದಲ್ಲ ಎಂದು ಬೈದು, ತಾನೂ ಒಂದು ಕಡೆ ಕೈ ಕೊಟ್ಟು ಇಳಿಸಿಕೊಂಡಳಂತೆ. ಅಳಲಿಲ್ಲ ಎಂದು ನನ್ನ ಗಂಡ ಬಂದು ಹೇಳಿದರು. ಅದನ್ನು ಹೇಳುವಾಗ ಅವರ ಕಣ್ಣು ಒದ್ದೆಯಾಗಿತ್ತು, ಆದರೆ ಅವರೂ ಅಲ್ಲಿ ನೋಡುತ್ತ ನಿಂತವರೇ.

ಬಯಲಿನಲ್ಲಿ, ಗುಡಿಸಲುಗಳ ಕೊನೆಯಲ್ಲಿ ಆಕೆ ಮಣ್ಣಿನ ಹೊಸ ಭಟ್ಟಿ ಕಟ್ಟಿದಳು. ಒಬ್ಬರೂ ಬರಲಿಲ್ಲ. ಸಂತೆ ನಿಂತು, ಮಾರುವವರಿಗೆ ಮಾರಾಟವಿಲ್ಲ, ಕೊಳ್ಳುವವರಿಗೆ ಸಾಮಾನಿಲ್ಲ. ತೋಪಿನಲ್ಲಿ ಬಚ್ಚಿಟ್ಟ ರಾಗಿಯನ್ನು ಸಾಹುಕಾರರು ದುಪ್ಪಟ್ಟಿಗೆ ಬಿಟ್ಟರೆ ಅದಕ್ಕೆ ಸಾಲುಗಟ್ಟಿ ನಿಂತರು, ಧರ್ಮಾತ್ಮರು ಎಂದರು. ಈ ಕಷ್ಟಕ್ಕೆಲ್ಲ ಯಾರು ಕಾರಣ ಎಂದರೆ ಬುರುಗಿನಮ್ಮ. ಅವಳು ಬಾಯಿ ಮುಚ್ಚಿಕೊಂಡಿದ್ದರೆ ಊರು ಊರಾಗಿರುತ್ತಿತ್ತು ಎನ್ನುತ್ತಿದ್ದರು. ಇಲಿ ಹಿಡಿದ ಕೈ ಎಂದು ಹೆಂಗಸರು ಮಕ್ಕಳನ್ನು ಆ ಕಡೆ ಬಿಡುತ್ತಿರಲಿಲ್ಲ. ನನ್ನ ಅತ್ತೆ ಆಕೆಯ ಮರಳಿನ ಗಂಟನ್ನು ಗುಡಿಸಲಿನಾಚೆಯೇ ತಡೆದು ಹಿಂದಕ್ಕೆ ಕಳಿಸಿದರು. ನಾನು ಒಳಗಿನಿಂದ ಕೂಗಿ ಜಗಳವಾಡಿದೆ, ಬಾಣಂತಿಗೆ ಸನ್ನಿ ಹಿಡಿದಿದೆ ಎಂದು ಬಜೆ ತೇಯ್ದು ನೆಕ್ಕಿಸಿದರು.

ಆದರೆ ಸಾವಾದಾಗ ಬರುತ್ತಿದ್ದರು. ಅದನ್ನು ನಾನು ಮರೆಯುವುದಿಲ್ಲ. ಬಳೆಯಂಗಡಿಯವನ ತಾಯಿ ಸತ್ತಾಗ, ಎಲೆ ಅಡಿಕೆಯವನ ಅಣ್ಣ ಸತ್ತಾಗ, ಕುಕ್ಕೆ ಹಿಡಿದು ಆ ಮಣ್ಣಿನ ಭಟ್ಟಿಯ ಮುಂದೆಯೇ ನಿಂತರು. ಮಕ್ಕಳಿಗೆ ಆಗದ ಕೈ ಹೆಣಕ್ಕೆ ಆಗುತ್ತಿತ್ತು. ಆಕೆ ಎಂದಿನಂತೆ ಕೇಳದೆಯೇ ತುಂಬಿಸಿ ಕೊಟ್ಟಳು. ನಾನಾಗಿದ್ದರೆ ಬಿಸಿ ಮರಳು ಮುಖಕ್ಕೆ ಎರಚುತ್ತಿದ್ದೆ.

ಪ್ಲೇಗು ಮಳೆಗಾಲಕ್ಕೆ ಮುಂಚೆಯೇ ಹೋಯಿತು. ಪೇಟೆ ಹಿಂದಕ್ಕೆ ಬಂತು, ಬೀದಿ ಬರಲಿಲ್ಲ. ಎದುರು ಸಾಲಿನ ಜಾಗದಲ್ಲಿ ಜಲ್ಲಿ ಹಾಸಿದ ರಸ್ತೆ. ಸಂತೆ ಮಂಡಿಯ ಪಕ್ಕದ ಸಾಹುಕಾರರ ಬಯಲಿಗೆ ಹೋಯಿತು, ಅಲ್ಲಿ ಕೂರಬೇಕಾದರೆ ಅವರಿಗೆ ಸುಂಕ. ಗಾಣದವನು ಮಾಲೂರಿನ ಕಡೆ ಹೋದ, ಕುಂಬಾರರು ಎಲ್ಲಿಗೆ ಹೋದರೋ. ಉಳಿದ ನಮ್ಮ ಸಾಲಿನ ಅಂಗಡಿಗಳೂ ಸಂತೆಯಿಲ್ಲದೆ ಒಣಗಿದವು. ಮಾವನವರು ನೊಣ ಹೊಡೆಯುತ್ತ ಕೂತಿರುತ್ತಿದ್ದರು. ಊರಿಗೆ ಗಾಳಿ ಬೆಳಕು ಬಂದಿತ್ತು ನಿಜ. ಮನೆಮನೆಗೂ ಕಿಟಕಿ ಇಟ್ಟರು, ಅದನ್ನು ನಾನು ಅಲ್ಲಗಳೆಯುವುದಿಲ್ಲ. ಆ ಕಿಟಕಿಯಿಂದ ನೋಡಿದರೆ ಕಾಣುತ್ತಿದ್ದುದು ಲಾರಿಯ ಧೂಳು.

ಬುರುಗಿನಮ್ಮ ಹೊಸ ಜಾಗಕ್ಕಾಗಿ ಕಚೇರಿಗೆ ತಿರುಗಿದಳು. ಪೇಟೆಯೊಳಗೆ ಭಟ್ಟಿ ಕೂಡದು, ಹೊಗೆಯಾಗುತ್ತದೆ, ಇಲಿ ಸೇರುತ್ತದೆ ಎಂದರು. ಆರು ತಿಂಗಳೊಳಗೆ ಸಾಹುಕಾರರ ಬಾಮೈದ ಸಂತೆ ಬಯಲಿನಲ್ಲೇ ಭಟ್ಟಿ ಇಟ್ಟ. ಆ ಹೊಗೆಗೆ ಇಲಿ ಸೇರುವುದಿಲ್ಲವೇನೋ. ಕೂಲಿಗೆ ಬಂದು ಹುರಿ ಎಂದು ಆಕೆಗೆ ಹೇಳಿಕಳಿಸಿದನಂತೆ. ಆಕೆ ಬಾಣಲೆಯನ್ನು ಗಾಡಿಗೆ ಹಾಕಿಸಿಕೊಂಡು, ವಕ್ಕಲೇರಿ ಕಡೆಯ ಹಳ್ಳಿಯಲ್ಲಿದ್ದ ತಮ್ಮನ ಮನೆಗೆ ಹೊರಟುಹೋದಳು. ಹೊರಡುವ ದಿನ ನಮ್ಮ ಬಾಗಿಲಿಗೆ ಬಂದು ಮಗುವನ್ನು ಕೈಗೆ ತೆಗೆದುಕೊಳ್ಳದೆ, ದೂರದಿಂದಲೇ ನೋಡಿ, ಕಾಲು ಗಟ್ಟಿಯಾಗಿವೆ ಎಂದಳು. ನಾನೇ ಹೋಗಿ ಮಗುವನ್ನು ಆಕೆಯ ತೋಳಿಗೆ ಹಾಕಿದೆ. ಅತ್ತೆ ನೋಡುತ್ತಿದ್ದರು, ನೋಡಲಿ ಎಂದುಕೊಂಡೆ.

ಕೆಲವು ವರ್ಷ ಕಳೆದವು. ಯುದ್ಧ ನಡೆದಿತ್ತು, ರಾಗಿಗೂ ಪಡಿ ಚೀಟಿ ಬಂದಿತ್ತು, ಸಾಹುಕಾರರು ಇನ್ನೂ ದಪ್ಪಗಾಗಿದ್ದರು. ಆ ರಸ್ತೆಗೆ ಅವರ ಹೆಸರಿಡುವುದೆಂದು ತೀರ್ಮಾನವಾಯಿತು. ಪ್ಲೇಗಿನ ಕಾಲದಲ್ಲಿ ಊರನ್ನು ಕಾಪಾಡಿದ ಮಹನೀಯರು ಎಂದು ಕಲ್ಲಿನಲ್ಲಿ ಕೊರೆಸಿದ್ದರು. ವಾಲಗ, ಹಾರ, ಮೇಜು ಕುರ್ಚಿ. ಮುತ್ತೈದೆಯರು ಆರತಿ ಎತ್ತಬೇಕೆಂದು ಮಾವನವರು ನನ್ನನ್ನೂ ಕರೆದರು. ಹೋದೆ. ತಟ್ಟೆ ಹಿಡಿದು ನಿಂತೆ. ಕಲ್ಲಿನ ಮೇಲಿನ ಬಟ್ಟೆ ಸರಿಸಿದ್ದೇ, ಆ ಅಕ್ಷರ ಓದಿದ್ದೇ, ತಟ್ಟೆಯನ್ನು ನೆಲಕ್ಕಿಟ್ಟೆ.

"ಇಲಿ ಮೊದಲು ಬಿದ್ದದ್ದು ಮಂಡಿಯಲ್ಲಿ," ಎಂದೆ. "ಹೊಟ್ಟಿನಲ್ಲಿ ಮುಚ್ಚಿ ಹೊರಗೆ ಹಾಕಿದ್ದನ್ನು ಈ ಬೀದಿಯವರೆಲ್ಲ ನೋಡಿದ್ದೀರಿ. ಊರು ಕಾಪಾಡಿದವಳ ಭಟ್ಟಿಯ ಮೇಲೆ ಈ ಕಲ್ಲು ನಿಂತಿದೆ."

ಅಷ್ಟೇ ಹೇಳಲಾಯಿತು. ಯಾರೋ ಸನ್ನೆ ಮಾಡಿರಬೇಕು, ವಾಲಗದವರು ಕಿವಿ ಕಿತ್ತುಹೋಗುವಂತೆ ಊದತೊಡಗಿದರು. ಸಾಹುಕಾರರು ನಗುತ್ತಲೇ ಇದ್ದರು. ಮನೆಯಲ್ಲಿ ಅತ್ತೆ ಎಷ್ಟೋ ದಿನ ನನ್ನ ಕೈಯ ನೀರು ಮುಟ್ಟಲಿಲ್ಲ. ನನಗೆ ಅದರಿಂದ ಏನೂ ನಷ್ಟವಾಗಲಿಲ್ಲ, ಒಂದು ಬಿಂದಿಗೆ ಸೇದುವುದು ಉಳಿಯಿತು.

ಮುಂದಿನ ವಾರವೇ ಮಗನನ್ನು ಕರೆದುಕೊಂಡು ಕೋಲಾರದವರೆಗೆ ಬಸ್ಸಿನಲ್ಲಿ, ಅಲ್ಲಿಂದ ಗಾಡಿಯಲ್ಲಿ ಬುರುಗಿನಮ್ಮನನ್ನು ನೋಡಲು ಹೋದೆ. ಹುಬ್ಬು ಬೆಳೆದಿತ್ತು, ಬಿಳಿಯ ಹುಬ್ಬು. ಸುಡಲು ಈಗ ಭಟ್ಟಿಯಿರಲಿಲ್ಲವಲ್ಲ. ತಮ್ಮನ ಮನೆಯ ಜಗುಲಿಯಲ್ಲಿ ಹುರುಳಿಕಾಳು ಆರಿಸುತ್ತ ಕೂತಿದ್ದಳು. ಮಗನ ತೋಳು ಹಿಸುಕಿ ನೋಡಿ, ಇವನು ಬುರುಗು ತಿನ್ನದೆ ಬೆಳೆದವನು, ಅದಕ್ಕೇ ಹಲ್ಲು ಹುಳುಕು ಎಂದು ನಗೆಯಾಡಿದಳು. ನಾನು ಕಲ್ಲಿನ ಸಂಗತಿಯನ್ನೆಲ್ಲ ಹೇಳಿದೆ. ನಾನು ಮಾತಾಡಿದ್ದನ್ನೂ ಹೇಳಿದೆ. ಆಕೆಗೆ ಸಂತೋಷವಾದೀತು ಎಂದುಕೊಂಡಿದ್ದೆ.

ಆಕೆ ಕಾಳಿನಿಂದ ಕಣ್ಣೆತ್ತಲಿಲ್ಲ. "ಹೇಳಿದ್ಯಾ? ಒಳ್ಳೇದಾಯ್ತು ಬಿಡಮ್ಮ." ಒಂದು ಕಲ್ಲು ಹೆಕ್ಕಿ ಆಚೆ ಎಸೆದು, ನನಗಲ್ಲ, ಕಾಳಿಗೆ ಹೇಳುವವಳ ಹಾಗೆ ಹೇಳಿದಳು. "ಅವತ್ತು ಮೊರ ಹಿಡ್ಕೊಂಡು ಹೋಗ್ವಾಗ ಒಬ್ರಾದ್ರೂ ಪಕ್ಕದಲ್ಲಿ ನಡೆದಿದ್ರೆ ಭಟ್ಟಿ ಉಳೀತಿತ್ತು ಕಣಮ್ಮ. ಒಬ್ಬಳನ್ನ ಒಡೆಯೋದು ಸುಲಭ."

ಮುಂದಿನ ಯುಗಾದಿಯನ್ನು ಆಕೆ ಕಾಣಲಿಲ್ಲ. ಆ ಕಡೆಯಿಂದ ಬಂದ ಗಾಡಿಯವನೊಬ್ಬ, ಎಲ್ಲ ಮುಗಿದ ಮೇಲೆ, ಅಂಗಡಿಯ ಮುಂದೆ ಕುಂಕುಮ ಕೊಳ್ಳುತ್ತ ಹೇಳಿದ. ಗಲ್ಲಾದ ಮೇಲಿದ್ದ ಮಾವನವರು ಪಾಪ ಎಂದರು, ಚಿಲ್ಲರೆ ಕೊಟ್ಟರು. ನನ್ನ ಮಗನಿಗೆ ಈಗ ಮಕ್ಕಳಿದ್ದಾರೆ. ಇಬ್ಬರನ್ನು ಒಡೆಯುವುದು ಆ ಸಾಹುಕಾರರಿಂದ ಆಗುತ್ತಿತ್ತೋ ಇಲ್ಲವೋ, ನನಗೆ ಗೊತ್ತಿಲ್ಲ. ಆಕೆಯ ಪಕ್ಕದಲ್ಲಿ ಯಾರೂ ನಡೆಯಲಿಲ್ಲ.